ಘಾಟಿ ಮುದುಕನ ಗುಟ್ಟು: ಆಟದ ಲೋಕದಲ್ಲಿ ಚಾಣಾಕ್ಷ ಕುಬ್ಜ ಹಿರಿಯ ರೂಪುಗೊಳ್ಳುವುದು ಹೇಗೆ

ಫ್ಯಾಂಟಸಿ ಆಟಗಳಲ್ಲಿ ಕುಬ್ಜ ಹಿರಿಯರಿಗೆ, ಅಂದರೆ ಡ್ವಾರ್ಫ್ ಎಂಬ ಕಲ್ಪಿತ ಗಿಡ್ಡ ಜನಾಂಗದ ಮುದುಕರಿಗೆ, ಕೊರತೆಯಿಲ್ಲ. ಬೆಟ್ಟದ ಹೊಟ್ಟೆಯೊಳಗೊಂದು ಕೋಟೆ, ಅದರೊಳಗೊಂದು ಕಲ್ಲಿನ ಸಭಾಂಗಣ, ಅಲ್ಲಿ ಸೊಂಟದವರೆಗೆ ಗಡ್ಡ ಇಳಿಬಿಟ್ಟು ಕೂತ ಒಬ್ಬ ಮುದುಕ. ಗಡಸು ದನಿಯಲ್ಲಿ ನಾಲ್ಕು ಮಾತಾಡುತ್ತಾನೆ, ಆಟಗಾರರಿಗೆ ಒಂದು ಕೆಲಸ ಒಪ್ಪಿಸುತ್ತಾನೆ, ಅಲ್ಲಿಗೆ ಅವನ ಪಾತ್ರ ಮುಗಿಯುತ್ತದೆ. ಅವನ ಪರಿಚಯದ ಸಾಲಿನಲ್ಲಿ ‘ಮಹಾ ಚಾಣಾಕ್ಷ’ ಎಂದು ಬರೆದಿರುತ್ತದೆ. ಆದರೆ ಆಟ ಮುಗಿಯುವ ತನಕ ಹುಡುಕಿದರೂ ಅವನು ಮಾಡಿದ ಚಾಣಾಕ್ಷತನದ ಕೆಲಸ ಒಂದೂ ಸಿಗುವುದಿಲ್ಲ.

ಬರೆದವರ ಸೋಮಾರಿತನ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಚಾಣಾಕ್ಷನನ್ನು ಆಟದೊಳಗೆ ತರುವುದು ನಿಜಕ್ಕೂ ಕಷ್ಟದ ಕೆಲಸ. ಬಲಶಾಲಿಯನ್ನು ತೋರಿಸಲು ಕೈಗೊಂದು ಕೊಡಲಿ ಕೊಟ್ಟು ಹೊಡೆತದ ಅಂಕ ಏರಿಸಿದರೆ ಆಯಿತು. ಮಾಂತ್ರಿಕನಿಗೆ ಮಂತ್ರಗಳ ಪಟ್ಟಿಯಿದೆ. ಚಾಣಾಕ್ಷತನಕ್ಕೆ ಅಂಥದ್ದೊಂದು ಅಂಕಿ ಇಲ್ಲ. ಇರುವ ಅಂಕಿಗಳು ಅವನನ್ನು ಮೋಸದಿಂದ ಕಾಪಾಡುತ್ತವೆ, ಅಷ್ಟೇ. ಅವನು ತಾನಾಗಿ ಒಂದು ತಂತ್ರ ಹೂಡಬೇಕಾದರೆ ಅವನಿಗೆ ಗೊತ್ತಿರುವ ಒಂದು ಸಂಗತಿ ಬೇಕು, ಅವನಿಗೆ ಬೇಕಾದ ಒಂದು ವಸ್ತು ಬೇಕು, ಸಾಯುವ ತನಕ ಬಾಯಿಬಿಡದ ಒಂದು ಗುಟ್ಟು ಬೇಕು. ಇವನ್ನು ಆಟದ ನಿಯಮಗಳು ಕೊಡುವುದಿಲ್ಲ. ಆಟ ಕಟ್ಟುವವರು ಕೂತು ಯೋಚಿಸಿ ಕೊಡಬೇಕು.

ಎಲ್ಲ ಬಲ್ಲವನು ಸೋತ, ತುಟಿ ಹೊಲಿದವನು ಗೆದ್ದ

ಆಟಗಳ ಕುಬ್ಜರ ಬೇರು ಉತ್ತರ ಯುರೋಪಿನ ಹಳೆಯ ನಾರ್ಸ್ ಪುರಾಣಗಳಲ್ಲಿದೆ. 13ನೇ ಶತಮಾನದ ಐಸ್‌ಲ್ಯಾಂಡಿನಲ್ಲಿ ಬರಹಕ್ಕಿಳಿದ ಆ ಕಥೆಗಳಲ್ಲಿ ಎರಡು ಪ್ರಸಂಗಗಳಿವೆ. ಕುಬ್ಜ ಹಿರಿಯನನ್ನು ಬರೆಯಲು ಕೂತವರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ಆಲ್ವಿಸ್ ಎಂಬ ಕುಬ್ಜನದು. ಥಾರ್ ದೇವತೆಯ ಮಗಳನ್ನು ತನಗೆ ಕೊಡುವ ಮಾತಾಗಿದೆ ಎಂದು ಹೇಳಿಕೊಂಡು ಅವನು ಬರುತ್ತಾನೆ. ಥಾರ್‌ಗೆ ಈ ಸಂಬಂಧ ಇಷ್ಟವಿಲ್ಲ. ಆದರೆ ಸುತ್ತಿಗೆ ಎತ್ತುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಭೂಮಿಯನ್ನು ಬೇರೆ ಬೇರೆ ಲೋಕಗಳಲ್ಲಿ ಏನೆಂದು ಕರೆಯುತ್ತಾರೆ? ಆಕಾಶವನ್ನು? ಚಂದ್ರನನ್ನು? ಹೀಗೆ 13 ಪ್ರಶ್ನೆಗಳು. ಆಲ್ವಿಸ್‌ಗೆ ಎಲ್ಲವೂ ಗೊತ್ತು. ಮನುಷ್ಯರು ಏನನ್ನುತ್ತಾರೆ, ದೇವತೆಗಳು ಏನನ್ನುತ್ತಾರೆ, ದೈತ್ಯರು ಏನನ್ನುತ್ತಾರೆ ಎಂದು ತಡವರಿಸದೆ ಒಪ್ಪಿಸುತ್ತಾ ಹೋಗುತ್ತಾನೆ. ಒಂದು ಉತ್ತರವೂ ತಪ್ಪಾಗುವುದಿಲ್ಲ. ಅಷ್ಟರಲ್ಲಿ ಬೆಳಗಾಗುತ್ತದೆ, ಬಿಸಿಲು ಒಳಗೆ ಬರುತ್ತದೆ. ಬಿಸಿಲು ತಾಗಿದ ಕುಬ್ಜ ಕಲ್ಲಾಗುತ್ತಾನೆ ಎಂಬುದು ಆ ಲೋಕದ ನಿಯಮ. ಅಲ್ಲಿಗೆ ಅವನ ಕಥೆ ಮುಗಿಯಿತು.

ಆಲ್ವಿಸ್ ಎಡವಿದ್ದೆಲ್ಲಿ? ‘ಈತ ಇದನ್ನೆಲ್ಲ ನನ್ನನ್ನು ಯಾಕೆ ಕೇಳುತ್ತಿದ್ದಾನೆ?’ ಎಂದು ಒಮ್ಮೆಯೂ ಯೋಚಿಸಲಿಲ್ಲ. ಅವನು ಪಂಡಿತ, ಒಪ್ಪೋಣ. ಆದರೆ ಎದುರಿಗೆ ಕೂತವನಿಗೆ ಏನು ಬೇಕು ಎಂದು ಅಳೆಯುವ ಕಣ್ಣು ಅವನಿಗಿರಲಿಲ್ಲ. ಇವತ್ತಿನ ಆಟಗಳಲ್ಲಿ ‘ಚಾಣಾಕ್ಷ’ ಎಂಬ ಹಣೆಪಟ್ಟಿ ಹೊತ್ತ ಬಹುಪಾಲು ಹಿರಿಯರು ಈ ಆಲ್ವಿಸ್‌ನ ವಂಶದವರೇ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಹಳೆಯ ಯುದ್ಧ, ಕಳೆದುಹೋದ ಕಿರೀಟ, ಶಾಪಗ್ರಸ್ತ ಗಣಿ, ಒಂದೊಂದನ್ನೂ ಒತ್ತಿದರೆ ಒಂದೊಂದು ಪುಟ ಹೊರಬರುತ್ತದೆ.

ಎರಡನೆಯದು ಬ್ರೋಕ್ ಮತ್ತು ಸಿಂಡ್ರಿ ಎಂಬ ಅಣ್ಣತಮ್ಮಂದಿರ ಪ್ರಸಂಗ. ಬೇರೆ ಕುಬ್ಜರು ದೇವತೆಗಳಿಗಾಗಿ ಮೂರು ಅಮೂಲ್ಯ ವಸ್ತುಗಳನ್ನು ಮಾಡಿಕೊಟ್ಟಿದ್ದರು. ಕಿಡಿಗೇಡಿ ದೇವತೆ ಲೋಕಿ ಬ್ರೋಕ್‌ನ ಬಳಿ ಬಂದು, ನಿನ್ನ ಸೋದರನಿಂದ ಇಷ್ಟು ಒಳ್ಳೆಯ ಮೂರು ವಸ್ತುಗಳನ್ನು ಮಾಡಲಾಗದು ಎಂದು ತನ್ನ ತಲೆಯನ್ನೇ ಪಣಕ್ಕಿಟ್ಟ. ಸಿಂಡ್ರಿ ಕುಲುಮೆ ಹೊತ್ತಿಸಿದ, ಬ್ರೋಕ್ ತಿದಿ ಒತ್ತುತ್ತಾ ನಿಂತ. ಲೋಕಿ ನೊಣವಾಗಿ ಬಂದು ಮೊದಲು ಕೈ ಕಚ್ಚಿದ, ಆಮೇಲೆ ಕುತ್ತಿಗೆ, ಕೊನೆಗೆ ಕಣ್ಣೆವೆ. ರಕ್ತ ಕಣ್ಣಿಗಿಳಿದಾಗ ಬ್ರೋಕ್ ಅರೆಗಳಿಗೆ ಕೈ ಬಿಟ್ಟ. ಥಾರ್‌ನ ಸುತ್ತಿಗೆಯ ಹಿಡಿ ಚಿಕ್ಕದಾಗಿ ಉಳಿದದ್ದು ಅದರಿಂದಲೇ. ಆದರೂ ತೀರ್ಪು ಕುಬ್ಜರ ಕಡೆಗೇ ಬಂತು. ಲೋಕಿ ಮೊದಲು ತಲೆಗೆ ಬದಲಾಗಿ ಬೇರೇನನ್ನೋ ಕೊಡುತ್ತೇನೆಂದ. ಬ್ರೋಕ್ ಒಪ್ಪಲಿಲ್ಲ. ಲೋಕಿ ಓಡಿಹೋದ, ಥಾರ್ ಹಿಡಿದು ತಂದ. ಕೊನೆಗೆ ಲೋಕಿ ತನ್ನ ತುರುಪು ಎಸೆದ: ತಲೆ ನಿನ್ನದು ಸರಿ, ಕುತ್ತಿಗೆ ನಿನ್ನದಲ್ಲ. ಕುತ್ತಿಗೆ ಮುಟ್ಟದೆ ತಲೆ ತೆಗೆದುಕೋ.

ಇಲ್ಲಿ ಬ್ರೋಕ್ ಮಾಡಿದ್ದನ್ನು ಗಮನಿಸಿ. ಕಿರುಚಾಡಲಿಲ್ಲ, ಕರಾರು ಮುರಿಯಲಿಲ್ಲ. ಕರಾರಿನ ಪ್ರಕಾರ ತಲೆ ತನ್ನದು ತಾನೇ? ತುಟಿಗಳು ಇರುವುದು ತಲೆಯಲ್ಲೇ. ಸೋದರನ ದಬ್ಬಳ ಹಿಡಿದು ಲೋಕಿಯ ಎರಡೂ ತುಟಿ ಸೇರಿಸಿ ಹೊಲಿದುಬಿಟ್ಟ. ಯಾವ ಬಾಯಿ ಮಾತಿನ ಬಲದಿಂದ ತಪ್ಪಿಸಿಕೊಂಡಿತ್ತೋ ಅದೇ ಬಾಯಿ ಮುಚ್ಚಿತು. ಚಾಪೆಯ ಕೆಳಗೆ ತೂರಿದವನಿಗೆ ರಂಗೋಲಿಯ ಕೆಳಗೆ ತೂರಿ ತೋರಿಸಿದ. ಆಟದಲ್ಲಿ ಚಾಣಾಕ್ಷ ಕುಬ್ಜ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಕ್ಷಣವನ್ನು. ಒಪ್ಪಂದದ ಅಕ್ಷರಕ್ಕೆ ಬದ್ಧನಾಗಿದ್ದುಕೊಂಡೇ ತನ್ನ ಪಾಲನ್ನು ಬಿಡದೆ ವಸೂಲು ಮಾಡುವ ಜಾಣ್ಮೆ ಅದು.

ಅಂಕಿಗಳು ಎಷ್ಟು ಕೊಡುತ್ತವೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, ಪಾತ್ರದ ಗುಣಗಳನ್ನು ಅಂಕಿಗಳಲ್ಲಿ ಅಳೆದು ದಾಳ ಉರುಳಿಸಿ ಮೇಜಿನ ಸುತ್ತ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಬಂದಾಗಲೇ ಕುಬ್ಜನಾಗಿ ಆಡುವ ಅವಕಾಶವಿತ್ತು. ಆಗಿನ ಕುಬ್ಜ ಕಾಳಗದವನು, ಜೊತೆಗೆ ಕಲ್ಲಿನ ಮರ್ಮ ಬಲ್ಲವನು. ನೆಲದಡಿಯ ದಾರಿ ಇಳಿಜಾರಾಗಿದೆಯೇ, ಗೋಡೆ ಸರಿಯುತ್ತದೆಯೇ, ಇತ್ತೀಚೆಗೆ ಕಟ್ಟಿದ್ದು ಯಾವುದು ಎಂದು ಗುರುತಿಸಬಲ್ಲ. ಮನುಷ್ಯರನ್ನು ಓದುವ ಶಕ್ತಿಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. 1978ರ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ಕುಬ್ಜನಿಗೆ ದೇಹದಾರ್ಢ್ಯ 1 ಹೆಚ್ಚು, ಆಕರ್ಷಣೆ ಅಂದರೆ ಕರಿಸ್ಮಾ 1 ಕಡಿಮೆ. 2000ದ ಮೂರನೇ ಆವೃತ್ತಿ ಇದೇ ಲೆಕ್ಕವನ್ನು 2 ಮಾಡಿತು. ವಿವೇಕ, ಅಂದರೆ ವಿಸ್‌ಡಮ್, ಕುಬ್ಜರ ಹುಟ್ಟುಗುಣವಾಗಿ ದಾಖಲಾದದ್ದು 2008ರ ನಾಲ್ಕನೇ ಆವೃತ್ತಿಯಲ್ಲಿ. 2014ರ ಐದನೇ ಆವೃತ್ತಿ ಅದನ್ನು ಬೆಟ್ಟದ ಕುಬ್ಜರಿಗೆ, ಅಂದರೆ ಹಿಲ್ ಡ್ವಾರ್ಫ್‌ಗಳಿಗೆ, 1 ಅಂಕವಾಗಿ ಉಳಿಸಿಕೊಂಡಿತು. 2024ರ ಪುಸ್ತಕದಲ್ಲಿ ಇಂಥ ಏರಿಕೆಗಳೆಲ್ಲ ಹುಟ್ಟಿನಿಂದ ಬರುವುದು ನಿಂತು, ಪಾತ್ರದ ಹಿನ್ನೆಲೆಯಿಂದ ಬರತೊಡಗಿದವು.

ಮುಪ್ಪನ್ನು ಅಂಕಿಯಲ್ಲಿ ಹಿಡಿದ ಆವೃತ್ತಿಗಳೂ ಇದ್ದವು, ಮೂರನೆಯದನ್ನೇ ನೋಡಿ. ಅಲ್ಲಿ ಕುಬ್ಜ 40ಕ್ಕೆ ಪ್ರಾಯಕ್ಕೆ ಬರುತ್ತಾನೆ, 125ಕ್ಕೆ ನಡುವಯಸ್ಸು, 188ಕ್ಕೆ ಮುಪ್ಪು, 250ಕ್ಕೆ ಹಣ್ಣುಹಣ್ಣು. ಒಂದೊಂದು ಮೆಟ್ಟಿಲು ಏರಿದಾಗಲೂ ಬಲ, ಚುರುಕು, ದಾರ್ಢ್ಯ ಮೂರೂ ಇಳಿಯುತ್ತವೆ: ಮೊದಲು 1, ಆಮೇಲೆ 2, ಆಮೇಲೆ 3. ಬುದ್ಧಿ, ವಿವೇಕ, ಆಕರ್ಷಣೆ ಪ್ರತಿ ಸಲ 1 ಏರುತ್ತವೆ. ಹರೆಯದಲ್ಲಿ ಬಲ 16, ವಿವೇಕ 13 ಇದ್ದ ಯೋಧನನ್ನು ತೆಗೆದುಕೊಳ್ಳಿ. 250 ದಾಟಿದಾಗ ಅವನ ಬಲ 10ಕ್ಕೆ ಇಳಿದಿರುತ್ತದೆ, ವಿವೇಕ 16ಕ್ಕೆ ಏರಿರುತ್ತದೆ. ದಾಳಕ್ಕೆ ಸೇರುವ ಅಂಕದಲ್ಲಿ ಹೇಳುವುದಾದರೆ, ಕೊಡಲಿ ಬೀಸುವಾಗ ಸಿಗುತ್ತಿದ್ದ 3 ಈಗ ಸೊನ್ನೆ; ಎದುರಿನವರ ಮನಸ್ಸು ಓದುವಾಗ ಸಿಗುತ್ತಿದ್ದ 1 ಈಗ 3. ಬದುಕಿನ ಒಂದು ಇಡೀ ತಿರುವು ಎರಡು ಅಂಕಿಗಳ ಅದಲುಬದಲಿನಲ್ಲಿ ಕಾಣುತ್ತದೆ. ಆಮೇಲಿನ ಆವೃತ್ತಿಗಳು ಈ ಪಟ್ಟಿಯನ್ನು ಕೈಬಿಟ್ಟದ್ದು ನನಗೆ ನಷ್ಟವೆಂದೇ ತೋರುತ್ತದೆ.

ಐದನೇ ಆವೃತ್ತಿಯಲ್ಲಿ ಮನಸ್ಸು ಓದುವ ಕೌಶಲಕ್ಕೆ ಇನ್‌ಸೈಟ್ ಎಂದು ಹೆಸರು. ಅದು ವಿವೇಕದ ಕೆಳಗೆ ಬರುತ್ತದೆ. ವಿವೇಕದಿಂದ 3, ಪಳಗಿದ ಅನುಭವದಿಂದ ಇನ್ನೊಂದು 3 ಇರುವ ಹಿರಿಯನಿಗೆ ಒಟ್ಟು 6. ಅವನು ಸುಮ್ಮನೆ ಕೂತಿದ್ದರೂ 10 ಸೇರಿಸಿ 16 ಅವನ ಎಚ್ಚರದ ಮಟ್ಟ. ಸುಳ್ಳು ಹೇಳುವುದರಲ್ಲಿ 2 ಅಂಕದ ಪಳಗಿದ ಕೈಯಿರುವ ಆಟಗಾರ ಅವನಿಗೆ ಮೋಸ ಮಾಡಬೇಕಾದರೆ 20 ಮುಖದ ದಾಳದಲ್ಲಿ 14 ಅಥವಾ ಹೆಚ್ಚು ಬೀಳಬೇಕು. ಸಾಧ್ಯತೆ ಶೇ. 35. ಅಂದರೆ ಮೂರರಲ್ಲಿ ಸುಮಾರು ಎರಡು ಸಲ ಸುಳ್ಳು ಸಿಕ್ಕಿಬೀಳುತ್ತದೆ.

ಅಂಕಿಯ ಕೆಲಸ ಇಲ್ಲಿಗೆ ಮುಗಿಯಿತು. ಸುಳ್ಳು ಹಿಡಿಯುವುದು ಕಾವಲುಗಾರನ ಕೆಲಸ. ಸುಳ್ಳು ಸಿಕ್ಕ ಮೇಲೆ ಏನು ಮಾಡಬೇಕು? ಅಲ್ಲೇ ಗದರಿಸಬೇಕೋ, ನಂಬಿದಂತೆ ನಟಿಸಿ ಕಳಿಸಿಕೊಡಬೇಕೋ, ಆ ಸುಳ್ಳನ್ನೇ ಇನ್ನೊಂದು ಕುಲದವರ ಕಿವಿಗೆ ತಲುಪಿಸಬೇಕೋ? ಯಾವ ದಾಳವೂ ಇದನ್ನು ಹೇಳುವುದಿಲ್ಲ. ಮೇಜಿನ ಮೇಲೆ ಆಡುವ ಆಟದಲ್ಲಿ ಗೇಮ್ ಮಾಸ್ಟರ್, ಅಂದರೆ ಕಥೆ ನಡೆಸುತ್ತಾ ಉಳಿದ ಪಾತ್ರಗಳ ಪರವಾಗಿ ಮಾತಾಡುವವರು, ಇದನ್ನು ನಿರ್ಧರಿಸಬೇಕು. ಗೇಮ್ ಮಾಸ್ಟರ್‌ಗೆ 250 ವರ್ಷ ವಯಸ್ಸಾಗಿರುವುದಿಲ್ಲ. ಎದುರಿಗೆ ನಾಲ್ಕೈದು ತಲೆಗಳು ಒಟ್ಟಿಗೆ ಯೋಚಿಸುತ್ತಿರುತ್ತವೆ, ಉತ್ತರಕ್ಕೆ ಎರಡು ಸೆಕೆಂಡು ಸಮಯವಿರುತ್ತದೆ. ಹಾಗಾಗಿ ಹಿರಿಯನ ಜಾಣ್ಮೆಯನ್ನು ಮೇಜಿನಲ್ಲಿ ಆ ಕ್ಷಣಕ್ಕೆ ಹುಟ್ಟಿಸಲು ಹೋಗಬಾರದು. ಮುಂಚೆಯೇ ಕೂಡಿಟ್ಟು ತರಬೇಕು.

ಮುನ್ನೂರೈವತ್ತು ವರ್ಷದ ಲೆಕ್ಕ

ಕೂಡಿಡಲು ಹೊರಟವರಿಗೆ ಸಿಗುವ ಮೊದಲ ಸಂಪತ್ತು ಆಯಸ್ಸು. 2014ರ ನಿಯಮ ಪುಸ್ತಕದ ಪ್ರಕಾರ ಕುಬ್ಜರು ಸರಾಸರಿ 350 ವರ್ಷ ಬದುಕುತ್ತಾರೆ, 50 ತುಂಬುವ ತನಕ ಅವರನ್ನು ಎಳೆಯರೆಂದೇ ಎಣಿಸುತ್ತಾರೆ. ಈ ಒಂದು ಸಾಲನ್ನು ಗಂಭೀರವಾಗಿ ತೆಗೆದುಕೊಂಡರೆ ವ್ಯವಹಾರದ ಅರ್ಥವೇ ಬದಲಾಗುತ್ತದೆ.

ಮನುಷ್ಯ ರಾಜನೊಬ್ಬ ಕುಬ್ಜರಿಂದ ಕಣಿವೆಯೊಂದನ್ನು 100 ವರ್ಷಕ್ಕೆ ಗುತ್ತಿಗೆ ಪಡೆದ ಎಂದುಕೊಳ್ಳಿ. ರಾಜನಿಗೆ ಅದು ಶಾಶ್ವತ. ಮಗ, ಮೊಮ್ಮಗನ ಕಾಲಕ್ಕೆ ಗುತ್ತಿಗೆಯ ನೆನಪೇ ಉಳಿದಿರುವುದಿಲ್ಲ, ಕಣಿವೆ ನಮ್ಮ ಪಿತ್ರಾರ್ಜಿತ ಎಂದು ಹಾಡು ಕಟ್ಟಿರುತ್ತಾರೆ. ಸಹಿ ಹಾಕಿದ ಕುಬ್ಜ ಮಾತ್ರ ಇನ್ನೂ ಇದ್ದಾನೆ. ಅವತ್ತು ಮಳೆ ಬಂದಿತ್ತು, ರಾಜನ ಎಡಗೈ ನಡುಗುತ್ತಿತ್ತು ಎಂಬುದೂ ಅವನಿಗೆ ನೆನಪಿದೆ. 101ನೇ ವರ್ಷ ಅವನು ಕಾಗದ ಹಿಡಿದು ಬಾಗಿಲಿಗೆ ಬಂದರೆ ಒಂದು ಪಕ್ಷಕ್ಕೆ ಅದು ದರೋಡೆ, ಇನ್ನೊಂದು ಪಕ್ಷಕ್ಕೆ ಮುಗಿದ ಅವಧಿ. ಇಬ್ಬರೂ ಪ್ರಾಮಾಣಿಕರೇ. ಹಲವು ಸಲ ಕೂತು ಆಡುವ ಒಂದು ಇಡೀ ಕ್ಯಾಂಪೇನ್‌ಗೆ ಸಾಕಾಗುವ ಜಗಳ ಇಲ್ಲಿದೆ, ಅದಕ್ಕೆ ಖಳನಾಯಕ ಬೇಕಾಗಿಯೇ ಇಲ್ಲ.

ಕಾಯುವ ಶಕ್ತಿಯೂ ಆಯಸ್ಸಿನಿಂದಲೇ ಬರುತ್ತದೆ. ಎದುರಾಳಿ ಕುಲದ ಮುಖಂಡ ಮೂರ್ಖ, ಆದರೆ ಅವನ ಮಗಳು ಬುದ್ಧಿವಂತೆ ಎಂದು ಗೊತ್ತಿದ್ದರೆ ಹಿರಿಯ 40 ವರ್ಷ ಸುಮ್ಮನಿರಬಲ್ಲ. ಆಟಗಾರರು ಇವತ್ತೇ, ಈಗಲೇ ಉತ್ತರ ಬೇಕು ಎಂದು ಚಡಪಡಿಸುವಾಗ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದು ಸ್ವಭಾವದೋಷದಿಂದಲ್ಲ. ಅವಸರ ಯಾರಿಗಿದೆಯೋ ಅವರು ಬೆಲೆ ತೆರುತ್ತಾರೆ ಎಂದು ಅವನು ನೂರು ಸಲ ನೋಡಿದ್ದಾನೆ.

ನೆನಪಿನ ಇನ್ನೊಂದು ಮುಖ ಹಗೆ. 1983ರಲ್ಲಿ ಶುರುವಾದ ಮೇಜಿನ ಯುದ್ಧದಾಟ ‘ವಾರ್‌ಹ್ಯಾಮರ್’ ಲೋಕದ ಕುಬ್ಜರು ತಮಗಾದ ಅನ್ಯಾಯಗಳನ್ನೆಲ್ಲ ಒಂದು ಮಹಾಗ್ರಂಥದಲ್ಲಿ ಬರೆದಿಡುತ್ತಾರೆ. ತೀರಿಸಿದ ಮೇಲಷ್ಟೇ ಹೊಡೆದುಹಾಕುತ್ತಾರೆ. ಅದೇ ಲೋಕವನ್ನು ಆಧರಿಸಿ 2016ರಲ್ಲಿ ಬಂದ ಕಂಪ್ಯೂಟರ್ ಆಟ ‘ಟೋಟಲ್ ವಾರ್: ವಾರ್‌ಹ್ಯಾಮರ್’ ಇದನ್ನು ಆಟದ ಯಂತ್ರದೊಳಗೇ ಕೂರಿಸಿತು. ಯಾರಾದರೂ ದಾಳಿ ಮಾಡಿದರೆ ಪುಸ್ತಕದಲ್ಲಿ ಒಂದು ಹಗೆ ಸೇರುತ್ತದೆ. ತೀರಿಸದ ಹಗೆಗಳು ರಾಶಿಬಿದ್ದರೆ ಪ್ರಜೆಗಳು ಅಸಮಾಧಾನಗೊಳ್ಳುತ್ತಾರೆ. ಆಟಗಾರ ಲಾಭದ ಯುದ್ಧ ಬಿಟ್ಟು ಮಾನದ ಯುದ್ಧಕ್ಕೆ ಹೋಗಬೇಕಾಗುತ್ತದೆ. ಕುಬ್ಜನ ಹಟ ಎಂದು ನಾವು ಮಾತಿನಲ್ಲಿ ಹೇಳುವುದನ್ನು ಅದು ಆಟಗಾರನ ಕೈಯಾರೆ ಮಾಡಿಸುತ್ತದೆ. ಇಂಥ ಪುಸ್ತಕ ಇಟ್ಟುಕೊಂಡ ಜನರ ನಡುವೆ ಚಾಣಾಕ್ಷ ಹಿರಿಯನೆಂದರೆ ಯಾರು? ಯಾವ ಹಗೆಯನ್ನು ಯಾವಾಗ ಓದಿ ಹೇಳಬೇಕು, ಯಾವ ಪುಟದ ಮೇಲೆ ಕೈಯಿಟ್ಟು ಮರೆಮಾಡಬೇಕು ಎಂದು ಬಲ್ಲವನು.

ಮುಚ್ಚಿದ ಸುರಂಗದ ಬಾಗಿಲಲ್ಲಿ

ಇಷ್ಟನ್ನೂ ಒಂದೇ ದೃಶ್ಯದಲ್ಲಿ ಇಟ್ಟು ನೋಡೋಣ. ನಾಲ್ವರು ಸಾಹಸಿಗಳು ಬೆಟ್ಟದ ಆಚೆ ಹೋಗಬೇಕು. ಹಿಮ ಬಿದ್ದು ಮೇಲಿನ ದಾರಿ ಮುಚ್ಚಿದೆ. ಕೆಳಗೊಂದು ಹಳೆಯ ಸುರಂಗವಿದೆ, ಅದರ ಬೀಗದ ಕೈ ಹಿರಿಯನ ಸೊಂಟದಲ್ಲಿದೆ. ಆಟಗಾರರು 500 ಚಿನ್ನದ ನಾಣ್ಯ ಮುಂದಿಡುತ್ತಾರೆ. ಸಾಮಾನ್ಯ ಆಟವಾಗಿದ್ದರೆ ಅವನು 800 ಕೇಳುತ್ತಿದ್ದ, ಇಲ್ಲವೇ ಸುರಂಗದ ರಾಕ್ಷಸನನ್ನು ಕೊಲ್ಲಿ ಎನ್ನುತ್ತಿದ್ದ.

ಇವನು ನಾಣ್ಯದ ಚೀಲವನ್ನು ನೋಡುವುದೂ ಇಲ್ಲ.

“ಮಕ್ಕಳೇ, ದುಡ್ಡು ನಿಮ್ಮ ಹತ್ರಾನೇ ಇರಲಿ. ಮೂರನೇ ಇಳಿತದಲ್ಲಿ ಎಡಗಡೆ ಒಂದು ಕಲ್ಲಿದೆ. ಮೇಲೆ ಏನೋ ಕೆತ್ತಿದಾರೆ. ಅದನ್ನ ಹಾಗೇ ಹಾಳೆ ಮೇಲೆ ಇಳಿಸ್ಕೊಂಡು ವಾಪಸ್ ಬರೋವಾಗ ತಂದ್ಕೊಡಿ. ನಿಮ್ಮಲ್ಲಿ ನಮ್ಮ ಲಿಪಿ ಯಾರಿಗಾದ್ರೂ ಓದೋಕೆ ಬರುತ್ತಾ?”

“ಇಲ್ಲ ಹಿರಿಯರೇ, ಯಾರಿಗೂ ಬರಲ್ಲ.”

“ಒಳ್ಳೇದಾಯ್ತು. ಓದೋಕೆ ಬರೋವ್ರು ತಿದ್ದೋಕೆ ಹೋಗ್ತಾರೆ.”

ಆಟಗಾರರಿಗೆ ಖುಷಿಯೋ ಖುಷಿ. ಪುಕ್ಕಟೆ ದಾರಿ ಸಿಕ್ಕಿತು. ಇನ್‌ಸೈಟ್ ದಾಳ ಉರುಳಿಸಿದರೂ ಅವನು ಸುಳ್ಳು ಹೇಳುತ್ತಿಲ್ಲ ಎಂದೇ ಬರುತ್ತದೆ, ಏಕೆಂದರೆ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಓದಲು ಬರುವವರು ಹಳೆಯ ಕೆತ್ತನೆಯನ್ನು ನಕಲು ಮಾಡುವಾಗ ತಮಗೆ ಸರಿಕಂಡಂತೆ ತಿದ್ದುವುದೂ ನಿಜವೇ.

ಗೇಮ್ ಮಾಸ್ಟರ್‌ನ ಹಾಳೆಯಲ್ಲಿ ಬರೆದಿರುವುದು ಬೇರೆ. 200 ವರ್ಷದ ಹಿಂದೆ ಆ ಸುರಂಗವನ್ನು ಮುಚ್ಚಿಸಿದ್ದು ಹಿರಿಯನ ತಂದೆ. ಆಗ ಇನ್ನೊಂದು ಕುಲದ ಜನ ಒಳಗಿದ್ದರು. ಶತ್ರುಗಳು ಹತ್ತಿರವಿದ್ದರು, ಕಾಯಲು ಸಮಯವಿರಲಿಲ್ಲ. ಒಳಗುಳಿದವರು ಸಾಯುವ ಮುಂಚೆ ಕಲ್ಲಿನ ಮೇಲೆ ಏನನ್ನೋ ಕೆತ್ತಿದರು. ಮುಂದಿನ ತಿಂಗಳು ಕುಲಗಳ ಸಭೆಯಲ್ಲಿ ಸುರಂಗ ತೆರೆಯುವ ಪ್ರಸ್ತಾಪ ಬರಲಿದೆ. ಕಲ್ಲಿನ ಮೇಲೆ ತಂದೆಯ ಹೆಸರಿದೆಯೋ ಇಲ್ಲವೋ ಎಂದು ಹಿರಿಯನಿಗೆ ಅದಕ್ಕೂ ಮುಂಚೆ ಗೊತ್ತಾಗಬೇಕು. ತನ್ನವರನ್ನು ಕಳಿಸಿದರೆ ಅವರು ಓದಿಬಿಡುತ್ತಾರೆ. ತಾನೇ ಹೋದರೆ ಯಾಕೆ ಹೋದ ಎಂಬ ಪ್ರಶ್ನೆ ಏಳುತ್ತದೆ. ಈ ನಾಲ್ವರು ಹೊರಗಿನವರು, ಸಭೆಯಲ್ಲಿ ಇವರಿಗೆ ಮಾತಿಲ್ಲ, ಲಿಪಿ ಬರುವುದಿಲ್ಲ, ಒಳಗೇ ಸತ್ತರೂ ಯಾವ ಕುಲಕ್ಕೂ ಋಣವಿಲ್ಲ. ಅವರ 500 ನಾಣ್ಯ ತೆಗೆದುಕೊಂಡಿದ್ದರೆ ಅದು ಸುಂಕವಾಗುತ್ತಿತ್ತು, ಸುಂಕದ ಲೆಕ್ಕ ಖಾತೆಗೆ ಏರಬೇಕಾಗುತ್ತಿತ್ತು. ಅದಕ್ಕೇ ಬೇಡವೆಂದದ್ದು.

ಇಲ್ಲಿ ಅವನಿಗೆ ಗೊತ್ತಿರುವುದು, ಬೇಕಾಗಿರುವುದು, ಮುಚ್ಚಿಟ್ಟದ್ದು ಮೂರೂ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ನಾಲ್ಕನೆಯದೂ ಒಂದಿದೆ: ಕಳೆದುಕೊಳ್ಳುವ ಭಯ. ತಂದೆಯ ಹೆಸರು ಹಾಳಾದರೆ ಅವನ ಮೊಮ್ಮಕ್ಕಳಿಗೆ ಕುಲದಲ್ಲಿ ಜಾಗ ಇರುವುದಿಲ್ಲ. ಈ ಭಯವಿಲ್ಲದಿದ್ದರೆ ಅವನು ಬರೀ ಕುಟಿಲ ಮುದುಕನಾಗಿಬಿಡುತ್ತಾನೆ, ಆಟಗಾರರು ಅವನನ್ನು ಹೊಡೆದುರುಳಿಸಿ ಮುಂದೆ ಹೋಗುತ್ತಾರೆ. ಭಯ ಗೊತ್ತಾದ ಮೇಲೆ ಹೊಡೆಯಲು ಕೈ ಬರುವುದಿಲ್ಲ.

ಗುಟ್ಟು ಆಟಗಾರರಿಗೆ ಸಿಗುವಂತಿರಬೇಕು ಎಂಬುದನ್ನು ಮರೆಯಬಾರದು. ಎಂದಿಗೂ ಬಯಲಾಗದ ಜಾಣ್ಮೆ ಆಟದ ಮಟ್ಟಿಗೆ ಇಲ್ಲದ್ದಕ್ಕೆ ಸಮ. ಲಿಪಿಯ ಬಗ್ಗೆ ಅವನು ಕೇಳಿದ ಪ್ರಶ್ನೆ ಒಂದು ಸುಳಿವು. ದುಡ್ಡು ಬೇಡವೆಂದದ್ದು ಇನ್ನೊಂದು. ಮೂರನೇ ಇಳಿತದಲ್ಲಿ ಕಲ್ಲಿನ ಪಕ್ಕ ಮಗುವಿನ ಅಳತೆಯ ಶಿರಸ್ತ್ರಾಣ ಬಿದ್ದಿದ್ದರೆ ಮತ್ತೊಂದು. ಒಂದು ತಪ್ಪಿಹೋದರೂ ಇನ್ನೊಂದು ಕೈಗೆ ಸಿಗುವಷ್ಟು ಸುಳಿವುಗಳನ್ನು ಬಿಟ್ಟಿರಬೇಕು. ಅವನು ಹಸಿ ಸುಳ್ಳು ಹೇಳಲೇಬಾರದು ಎಂಬುದು ನಾನು ಗಟ್ಟಿಯಾಗಿ ಹಿಡಿದಿರುವ ನಿಯಮ. ಸತ್ಯವನ್ನೇ ಆರಿಸಿ ಆರಿಸಿ ಹೇಳುವವನು ಬಯಲಾದಾಗ ಆಟಗಾರರಿಗೆ ‘ಅಯ್ಯೋ, ಹೇಳಿಯೇ ಹೇಳಿದ್ದನಲ್ಲ!’ ಎನ್ನಿಸುತ್ತದೆ. ಸುಳ್ಳು ಹೇಳಿದವನು ಬಯಲಾದರೆ ಬರೀ ಸಿಟ್ಟು.

ಕಂಪ್ಯೂಟರಿನೊಳಗಿನ ಹಿರಿಯ

ಕಂಪ್ಯೂಟರ್ ಆಟದಲ್ಲಿ ಗೇಮ್ ಮಾಸ್ಟರ್ ಇರುವುದಿಲ್ಲ. ಹಿರಿಯನ ಮಾತೆಲ್ಲ ಮುಂಚೆಯೇ ಬರೆದಿಟ್ಟ ಕವಲುಗಳು. ಆಟಗಾರ ಹಿಂದೆ ಏನು ಮಾಡಿದ್ದಾನೆ ಎಂಬುದನ್ನು ಆಟ ಸಣ್ಣ ಸಣ್ಣ ಗುರುತುಗಳಾಗಿ ಇಟ್ಟುಕೊಂಡಿರುತ್ತದೆ: ಗಣಿಯ ಹುಡುಗನನ್ನು ಉಳಿಸಿದನೇ, ಹೌದು ಅಥವಾ ಇಲ್ಲ, ಕಮ್ಮಾರನಿಗೆ ಕೊಟ್ಟ ಮಾತು ಉಳಿಸಿಕೊಂಡನೇ, ಹೌದು ಅಥವಾ ಇಲ್ಲ. ಹಿರಿಯ ಬಾಯಿ ತೆರೆಯುವ ಮುಂಚೆ ಇವನ್ನು ನೋಡಿಕೊಂಡು ಒಂದು ಕವಲನ್ನು ಆರಿಸುತ್ತಾನೆ. ಎಲ್ಲೋ ದೂರದಲ್ಲಿ, ಯಾರೂ ನೋಡಲಿಲ್ಲ ಎಂದುಕೊಂಡು ಮಾಡಿದ ಕೆಲಸವನ್ನು ಅವನು ಹೆಸರೆತ್ತದೆ ಪ್ರಸ್ತಾಪಿಸಿದರೆ ಸಾಕು, ‘ಈ ಮುದುಕನಿಗೆ ಎಲ್ಲೆಡೆ ಕಿವಿಯಿದೆ’ ಎಂಬ ಭಾವ ಹುಟ್ಟುತ್ತದೆ. ತಾಂತ್ರಿಕವಾಗಿ ಒಂದು ಸಾಲಿನ ಕೆಲಸ, ಪರಿಣಾಮ ದೊಡ್ಡದು.

ದೊಡ್ಡ ಅಡ್ಡಿ ಬೇರೆಯೇ ಇದೆ. ಆಟಗಾರ ಮಾತುಕತೆಗೆ ಮುಂಚೆ ಸೇವ್ ಮಾಡುತ್ತಾನೆ. ವ್ಯವಹಾರ ಕೆಟ್ಟರೆ ಹಿಂದಕ್ಕೆ ಹೋಗಿ ಇನ್ನೊಂದು ಉತ್ತರ ಒತ್ತುತ್ತಾನೆ. 300 ವರ್ಷದ ಅನುಭವವೂ ಲೋಡ್ ಬಟನ್ ಮುಂದೆ ನಿಲ್ಲುವುದಿಲ್ಲ. ಇದಕ್ಕೆ ಇರುವ ಒಳ್ಳೆಯ ಉಪಾಯ, ಫಲವನ್ನು ತಡಮಾಡುವುದು. 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಆಟದ ಕುಬ್ಜ ನಗರ ಒರ್ಜಮಾರ್‌ನಲ್ಲಿ ರಾಜ ಸತ್ತಿದ್ದಾನೆ. ಗದ್ದುಗೆಗೆ ಇಬ್ಬರು: ರಾಜನ ಮಗ ಭೇಲೆನ್, ಹಿರಿಯ ಸರದಾರ ಹ್ಯಾರೋಮಾಂಟ್. ಹ್ಯಾರೋಮಾಂಟ್ ಸಭ್ಯ, ಸಂಪ್ರದಾಯಸ್ಥ. ಭೇಲೆನ್ ನಿರ್ದಯಿ, ಗೆದ್ದ ಕೂಡಲೇ ಹ್ಯಾರೋಮಾಂಟ್‌ನ ತಲೆ ತೆಗೆಸುತ್ತಾನೆ. ಯಾರನ್ನು ಆರಿಸಿದರೂ ಆಟಗಾರನಿಗೆ ಬೇಕಾದ ಸೈನ್ಯ ಸಿಗುತ್ತದೆ. ಆರಿಸಿದ್ದರ ನಿಜವಾದ ಬೆಲೆ ಗೊತ್ತಾಗುವುದು ಇಡೀ ಆಟ ಮುಗಿದ ಮೇಲೆ ಬರುವ ಕೊನೆಯ ಬರಹಗಳಲ್ಲಿ: ಸಭ್ಯ ಹಿರಿಯನ ಕೈಯಲ್ಲಿ ನಗರ ಬಾಗಿಲು ಮುಚ್ಚಿಕೊಂಡು ಜಾತಿಕಟ್ಟನ್ನು ಬಿಗಿಗೊಳಿಸುತ್ತದೆ, ನಿರ್ದಯಿ ಯುವಕನ ಕೈಯಲ್ಲಿ ವ್ಯಾಪಾರ ತೆರೆದುಕೊಂಡು ಜಾತಿಯಿಲ್ಲದವರಿಗೆ ಅವಕಾಶ ಸಿಗುತ್ತದೆ. ಅಷ್ಟು ಹಿಂದಕ್ಕೆ ಹೋಗಿ ಲೋಡ್ ಮಾಡುವವರು ಕಡಿಮೆ. ಸುರಂಗದ ಬಾಗಿಲ ಹಿರಿಯನನ್ನು ಕಂಪ್ಯೂಟರಿಗೆ ತರುವುದಾದರೆ ನಾನೂ ಕಲ್ಲಿನ ನಕಲಿನ ಫಲವನ್ನು ಎರಡು ಅಧ್ಯಾಯ ಆಚೆ ಇಡುತ್ತೇನೆ.

ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಸೋದರರು 2006ರಲ್ಲಿ ಹೊರತಂದ ‘ಡ್ವಾರ್ಫ್ ಫೋರ್ಟ್ರೆಸ್’ ಮಾತಿನ ಕವಲುಗಳನ್ನು ನೆಚ್ಚದೆ ಇನ್ನೊಂದು ದಾರಿ ಹಿಡಿಯಿತು. ಹೊರಗಿನ ವ್ಯಾಪಾರಿಗಳ ಜೊತೆ ವ್ಯವಹರಿಸಲು ಕೋಟೆಗೊಬ್ಬ ದಲ್ಲಾಳಿ ಬೇಕು. ಅವನಿಗೆ ಬೆಲೆ ಕಟ್ಟುವ ಕೌಶಲ ಇಲ್ಲದಿದ್ದರೆ ಸಾಮಾನಿನ ಬೆಲೆಯೇ ಆಟಗಾರನಿಗೆ ಕಾಣುವುದಿಲ್ಲ. ಎದುರಿನವರ ಇಂಗಿತ ಅರಿಯುವ ಕೌಶಲವಿದ್ದರೆ ವ್ಯಾಪಾರಿ ಖುಷಿಯಾಗಿದ್ದಾನೋ ರೇಗಿದ್ದಾನೋ ಎಂದು ತಿಳಿಯುತ್ತದೆ. ಇಲ್ಲಿ ಕುಬ್ಜನ ಅನುಭವ ಆಟಗಾರನ ಕಣ್ಣಾಗಿದೆ. ಅನುಭವಿ ದಲ್ಲಾಳಿ ಸತ್ತರೆ ಆಟಗಾರ ಅಕ್ಷರಶಃ ಕುರುಡಾಗುತ್ತಾನೆ. ಹಿರಿಯನ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಮನಗಾಣಿಸಿದ ಆಟ ನನಗೆ ಗೊತ್ತಿಲ್ಲ.

ಜಿಪುಣತನದ ಬಲೆ

ಎಚ್ಚರ ತಪ್ಪಿದರೆ ಈ ಪಾತ್ರ ಜಾರಿಬೀಳುವ ಒಂದು ಗುಂಡಿ ಇದೆ. ಬೆಟ್ಟದೊಳಗಿನ ಜನ, ಚಿನ್ನದ ಮೋಹ, ಚೌಕಾಸಿ, ತಮ್ಮವರೊಳಗೇ ಆಡುವ ಗುಪ್ತ ಭಾಷೆ. ಇವನ್ನೆಲ್ಲ ಒಟ್ಟು ಸೇರಿಸಿದರೆ ಯಹೂದಿಗಳ ಬಗ್ಗೆ ಯುರೋಪು ಶತಮಾನಗಳಿಂದ ಹರಡುತ್ತಾ ಬಂದ ವಿಷದ ಚಿತ್ರಕ್ಕೆ ತೀರಾ ಹತ್ತಿರ ಹೋಗುತ್ತದೆ. ಇಂದಿನ ಕುಬ್ಜರಿಗೆ ಅಚ್ಚು ಹಾಕಿಕೊಟ್ಟ, ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ತನ್ನ ಕುಬ್ಜರ ಭಾಷೆಯನ್ನು ಸೆಮಿಟಿಕ್ ಭಾಷೆಗಳ ಮಾದರಿಯಲ್ಲಿ ಕಟ್ಟಿದ್ದನ್ನು, ಅವರು ಯಹೂದಿಗಳನ್ನು ನೆನಪಿಸುತ್ತಾರೆಂಬುದನ್ನು ಸ್ವತಃ ಹೇಳಿದ್ದರು. ಆದ್ದರಿಂದ ಹಿರಿಯನ ಚಾಣಾಕ್ಷತನವನ್ನು ದುಡ್ಡಿನ ಆಸೆಗೆ ಕಟ್ಟಿಹಾಕಬಾರದು ಎಂಬುದು ರುಚಿಯ ಪ್ರಶ್ನೆಯಷ್ಟೇ ಅಲ್ಲ. ಜನಾಂಗಕ್ಕೆಲ್ಲ ಒಂದೇ ಗುಣ ಹಚ್ಚುವುದನ್ನು ಬಿಟ್ಟು, ಈ ಒಬ್ಬ ಹಿರಿಯನಿಗೆ ಈ ಒಂದು ಕಾರಣ ಎಂದು ಬರೆಯಬೇಕು. ಅದೇ ಕೋಟೆಯಲ್ಲಿ ದುಂದುಗಾರ ಕುಬ್ಜ, ಪೆದ್ದ ಕುಬ್ಜ, ಬಾಯಿಬಡಕ ಕುಬ್ಜ ಎಲ್ಲರೂ ಇರಲಿ. ಹಿರಿಯ ಗಂಡಸೇ ಆಗಿರಬೇಕೆಂದೂ ಇಲ್ಲ. ಮೇಲಿನ ದೃಶ್ಯದಲ್ಲಿ ತಾತನ ಬದಲು ಅಜ್ಜಿಯನ್ನು ಕೂರಿಸಿದರೆ ಒಂದು ಮಾತೂ ಬದಲಾಗಬೇಕಿಲ್ಲ.

ಅವನು ಸೋಲುವ ಬಗೆ

ಗೇಮ್ ಮಾಸ್ಟರ್‌ಗಳು ಪ್ರೀತಿಯಿಂದ ಕಟ್ಟಿದ ಹಿರಿಯನನ್ನು ಸೋಲಲು ಬಿಡುವುದಿಲ್ಲ. ಆಟಗಾರರು ಏನೇ ಉಪಾಯ ಮಾಡಲಿ, ‘ಇದು ಅವನಿಗೆ ಮೊದಲೇ ಗೊತ್ತಿತ್ತು’ ಎಂದುಬಿಡುತ್ತಾರೆ. ಎರಡು ಸಲ ಹೀಗಾದರೆ ಆಟಗಾರರು ಅವನ ಹತ್ತಿರ ಹೋಗುವುದನ್ನೇ ನಿಲ್ಲಿಸುತ್ತಾರೆ. ಅವನಿಗೆ ಮೊದಲೇ ಏನು ಗೊತ್ತಿತ್ತು ಎಂಬುದನ್ನು ಆಟಕ್ಕೆ ಮುಂಚೆ ಬರೆದಿಡಬೇಕು, ಬರೆದಿರದ್ದು ಅವನಿಗೆ ಗೊತ್ತಿಲ್ಲ ಎಂದೇ ನಡೆಯಬೇಕು.

ಸುರಂಗದ ಸಾಹಸಿಗಳಿಗೆ ಗೆಲ್ಲಲು ದಾರಿಗಳಿವೆ. ಭಾಷೆ ತಿಳಿಯುವ ಮಂತ್ರವೊಂದು ಅವರ ಬಳಿ ಇರಬಹುದು. ‘ಓದೋಕೆ ಬರಲ್ಲ’ ಎಂದದ್ದು ಆಗ ನಿಜ, ಕಲ್ಲಿನ ಮುಂದೆ ನಿಂತಾಗ ನಿಜವಲ್ಲ. ಎರಡು ನಕಲು ಮಾಡಿ ಒಂದನ್ನು ಇನ್ನೊಂದು ಕುಲಕ್ಕೆ ಕೊಡಬಹುದು. ಕಲ್ಲಿನ ಮೇಲೆ ತಂದೆಯ ಹೆಸರಿದ್ದರೂ ಶಾಪದ ಬದಲು ಕ್ಷಮೆ ಕೆತ್ತಿರಬಹುದು, ಅದನ್ನು ಓದಿಕೊಂಡು ಬಂದವರು ಹಿರಿಯನ ಎದುರು ಕೂತು ಬೇರೆಯೇ ಮಾತು ಶುರು ಮಾಡಬಹುದು.

ಆಗ ಅವನು ಏನು ಮಾಡುತ್ತಾನೆ ಎಂಬುದನ್ನೂ ಹಾಳೆಯ ಕೆಳಗೆ ಎರಡು ಸಾಲಿನಲ್ಲಿ ಬರೆದಿಟ್ಟಿರಬೇಕು. ನನ್ನ ಹಿರಿಯ ಕೊಡಲಿಗೆ ಕೈ ಹಾಕುವುದಿಲ್ಲ, ಕಾವಲಿನವರನ್ನು ಕರೆಯುವುದಿಲ್ಲ. ಸೊಂಟದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಡುತ್ತಾನೆ. “ಸರಿ, ಈಗ ನೀವು ಹೇಳಿ, ನಿಮಗೇನು ಬೇಕು?” ಎಂದು ಕೇಳುತ್ತಾನೆ. ಚೌಕಾಸಿ ಮೊದಲಿಂದ ಶುರುವಾಗುತ್ತದೆ, ಈ ಸಲ ಅವಸರ ಅವನ ಕಡೆಗಿರುತ್ತದೆ.